ಹಸಿರು ಕಾರಿನ ಸೀಟಿನ ಎಡಗಡೆ

ಸೀಟಿನೊಳಗಿನ ಫೋಮ್‌ಗೆ ಇನ್ನೂ ಜೀವವಿದೆಯೋ ಇಲ್ಲವೋ ಎಂದು ತಿಳಿಯಲು ಹೆಬ್ಬೆರಳು ಸಾಕು. ಒತ್ತಿ ಬಿಡಿ. ತಗ್ಗು ಥಟ್ಟನೆ ಮೇಲೆದ್ದರೆ ಚಿಂತೆಯಿಲ್ಲ. ನಿಧಾನವಾಗಿ ಎದ್ದರೆ ಇನ್ನೊಂದೆರಡು ವರ್ಷ ಓಡುತ್ತದೆ. ಏಳದೆ ಹಾಗೇ ಉಳಿದು, ಒಳಗಿನಿಂದ ಕಟಕ್ ರೊಟ್ಟಿ ಮುರಿದಂಥ ಸದ್ದು ಬಂದರೆ ಕವರ್ ಬಿಚ್ಚಲೇಬೇಕು. ಬಿಚ್ಚಿದಾಗ ಹಳದಿ ಪುಡಿ ನೆಲಕ್ಕೆ ಸುರಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನಾನು ಮೊದಲ ಐದಾರು ವರ್ಷ ಕಟ್ಟಿಕೊಳ್ಳಲಿಲ್ಲ. ಈಗ ಮೆಟ್ಟಿಲು ಹತ್ತುವಾಗ ಅದು ತಿಳಿಯುತ್ತಿದೆ.

ನಾನು ಏಳನೇ ತರಗತಿಯವರೆಗೆ ಓದಿದವನು. ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಲಾರಿ ಮತ್ತು ಬಸ್ಸುಗಳ ಸೀಟು ಹೊಲಿಯುವ ಒಂದು ಕುಷನ್ ಅಂಗಡಿಯಲ್ಲಿ. ಕೆಲಸ ಮಾಡಿದ್ದು ಲಂಡನ್ನಿನಲ್ಲಿ, ಹಳೆಯ ಕಾರುಗಳ ಸೀಟುಗಳ ಮೇಲೆ. ಹುಬ್ಬಳ್ಳಿಯ ಅಂಗಡಿಯನ್ನು ಈಗ ನಡೆಸುತ್ತಿರುವವರು ಎರಡು ವರ್ಷದ ಹಿಂದೆ ಫೋನ್ ಮಾಡಿ, ಹೊಸದಾಗಿ ಕೆಲಸಕ್ಕೆ ಬರುವವರಿಗೆ ಓದಲು ಏನಾದರೂ ಬರೆದುಕೊಡಿ ಎಂದಿದ್ದರು. ಆಯಿತು ಎಂದು ಹೇಳಿ ಸುಮ್ಮನಿದ್ದೆ. ಕಳೆದ ಚಳಿಗಾಲದಲ್ಲಿ ನನ್ನ ಹೆಂಡತಿ ನೀಲಾ ತೀರಿಕೊಂಡಳು. ಅದಾಗಿ ಕೆಲವು ತಿಂಗಳಿಗೆ ಒಂದು ಹಸಿರು ಕಾರಿನ ಸೀಟು ನನ್ನಲ್ಲಿಗೆ ವಾಪಸು ಬಂತು. ಆ ಸೀಟಿನ ಬಗ್ಗೆ ನಾನು ಹನ್ನೆರಡು ವರ್ಷ ಒಂದು ತಪ್ಪು ಮಾತು ಹೇಳಿಕೊಂಡು ಬಂದಿದ್ದೆ. ಹೇಳಿದ್ದಷ್ಟೇ ಅಲ್ಲ, ಕೆಲವರಿಗೆ ಕಲಿಸಿಯೂ ಇದ್ದೆ. ಅದನ್ನು ತಿದ್ದುವುದಕ್ಕಾಗಿ ಈಗ ಬರೆಯುತ್ತಿದ್ದೇನೆ.

ಲಂಡನ್ನಿಗೆ ನನ್ನನ್ನು ಕರೆತಂದವಳು ನೀಲಾ. ಧಾರವಾಡದಲ್ಲಿ ನರ್ಸಿಂಗ್ ಕಲಿತವಳು, ಇಲ್ಲಿನ ಆಸ್ಪತ್ರೆಯಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಸಿಕ್ಕಿ ಬಂದಳು. ನಾನು ಅವಳ ಹಿಂದೆ ಬಂದೆ. ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಕೆಂಟನ್ನಿನಲ್ಲಿ ಮಹಡಿಯ ಮೇಲೆ ಎರಡು ಕೋಣೆ ಹಿಡಿದೆವು. ಕೊಲಿಂಡೇಲ್‌ನಲ್ಲಿ ರೈಲು ಹಳಿಯ ಪಕ್ಕದ ಒಂದು ಶೆಡ್ಡಿನಲ್ಲಿ ಕೆನ್ ಎಂಬುವರು ಹಳೆಯ ಕಾರುಗಳ ಸೀಟು ಕೆಲಸ ಮಾಡುತ್ತಿದ್ದರು. ನಾನು ಹೋಗಿ ಕೈ ತೋರಿಸಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಅವರು ನನ್ನ ಬೆರಳಿನ ದಡ್ಡುಗಳನ್ನು ಮುಟ್ಟಿ ನೋಡಿ, "ನಿನ್ನ ಹೆಸರೇನು?" ಎಂದರು. ಬಸವರಾಜ ಎಂದೆ. "ಅಷ್ಟು ಉದ್ದ ಯಾರು ಕರೀತಾರೆ? ನೀನು ಬಾಜ್. ಸೋಮವಾರ ಬಾ" ಎಂದರು. ಹದಿನಾರು ವರ್ಷ ನಾನು ಅಲ್ಲಿ ಬಾಜ್ ಆಗಿದ್ದೆ.

ಕೆನ್ ಒಂದು ನಿಯಮ ಇಟ್ಟುಕೊಂಡಿದ್ದರು. ಮುಗಿದ ಸೀಟಿನ ಮೇಲೆ ತಾವು ಕುಳಿತು ಒಂದು ಮಗ್ ಚಹಾ ಕುಡಿದು ಮುಗಿಸುವವರೆಗೆ ಅದನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ಕುಳಿತ ಕೂಡಲೇ ಯಾವ ಸೀಟೂ ಚೆನ್ನಾಗಿರುತ್ತದೆ, ಅದರ ಬಣ್ಣ ಗೊತ್ತಾಗುವುದು ಚಹಾ ತಳ ಮುಟ್ಟಿದಾಗ ಎನ್ನುತ್ತಿದ್ದರು. ಅರ್ಧ ಮಗ್‌ಗೇ ಎದ್ದರೆ ನಾವು ಕವರ್ ಬಿಚ್ಚಬೇಕೆಂದು ಅರ್ಥ. ಮಾತಿನ ಅಗತ್ಯವೇ ಇರಲಿಲ್ಲ.

ಮೊದಲ ವರ್ಷ ನಾನು ಒಂದು ಪುಟ್ಟ ಎರಡು ಬಾಗಿಲಿನ ಕಾರಿನ ಸೀಟು ಮಾಡಿದೆ. ಹಳೆಯ ಫೋಮ್ ಕುಗ್ಗಿ ಮೂರು ಬೆರಳಾಗಿತ್ತು. ನಾನು ಧಾರಾಳವಾಗಿ, ಲಾರಿಯ ಲೆಕ್ಕದಲ್ಲಿ, ಆರು ಬೆರಳಿನದು ಹಾಕಿದೆ. ಕೆನ್ ಗಿಡ್ಡ ಮನುಷ್ಯ, ಚಹಾ ಪೂರ್ತಿ ಕುಡಿದು ಎದ್ದರು. ಆದರೆ ಕಾರಿನ ಮಾಲೀಕರು ಆರಡಿ ಎತ್ತರದ ನಿವೃತ್ತ ಮೇಷ್ಟರು. ಒಳಗೆ ಕುಳಿತು ಬಾಗಿಲು ಹಾಕಿಕೊಂಡರು. ತಲೆ ಚಾವಣಿಗೆ ತಗುಲಿ, ಕತ್ತು ಓರೆ ಮಾಡಿಕೊಂಡು, ಕಿಟಕಿಯಿಂದ ನಮ್ಮನ್ನು ನೋಡಿದರು. ಕೆನ್ ನನ್ನ ಕಡೆ ತಿರುಗಿ, "ಈಗ ಏನು ಮಾಡೋಣ ಬಾಜ್? ಕಾರಿನ ತಲೆ ಕತ್ತರಿಸೋಣವೋ, ಅವರದೋ?" ಎಂದರು. ಅವತ್ತು ಸಂಜೆ ಇದನ್ನು ಹೇಳಿದಾಗ ನೀಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಸೀಟ ಅಳದ್ರಿ, ಮನಷ್ಯಾನ್ನ ಅಳೀಲಿಲ್ಲ ನೀವು" ಎಂದಳು.

ಅದಾದ ಮೇಲೆ ಗಿರಾಕಿಯನ್ನು ಬರಿಯ ಚೌಕಟ್ಟಿನ ಮೇಲೆ, ಇನ್ನೂ ಕತ್ತರಿಸದ ಫೋಮ್ ಇಟ್ಟು ಕೂರಿಸಿಯೇ ಅಳತೆ ತೆಗೆಯಲು ಕೆನ್ ನನಗೆ ಕಲಿಸಿದರು. ಫೋಮ್ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆಯಬೇಕು. ಒಳಗಿನ ಗೆರೆ ಕವರಿನ ಅಳತೆ. ಹೊರಗಿನದು ಅದಕ್ಕಿಂತ ಅರ್ಧ ಬೆರಳು ದೊಡ್ಡದು. ಕತ್ತರಿಸುವುದು ಯಾವಾಗಲೂ ಹೊರಗಿನ ಗೆರೆಯಲ್ಲಿ. ಫೋಮ್ ಕವರಿಗಿಂತ ಸ್ವಲ್ಪ ದೊಡ್ಡದಿದ್ದರೇ ಚರ್ಮ ಬಿಗಿಯಾಗಿ ನಿಲ್ಲುತ್ತದೆ, ಸುಕ್ಕು ಬೀಳುವುದಿಲ್ಲ. ಈ ಎರಡು ಗೆರೆಗಳನ್ನು ನೆನಪಿಡಿ, ನಾನು ಹೇಳಬೇಕಾದದ್ದು ಇವುಗಳ ಬಗ್ಗೆಯೇ.

ನಡುವೆ ನಮ್ಮ ಶೆಡ್ಡಿನಲ್ಲಿ ಕವರ್ ಹೊಲಿಯುತ್ತಿದ್ದ ಹೆಂಗಸು ಕೆಲಸ ಬಿಟ್ಟರು. ನೀಲಾಳಿಗೆ ಹೊಲಿಗೆ ಬರುತ್ತದೆ ಎಂದು ನಾನೇ ಬಾಯಿಬಿಟ್ಟೆ. ಕೆನ್ ಚರ್ಮ ಹೊಲಿಯುವ ಭಾರದ ಮೆಷಿನ್ನನ್ನು ವ್ಯಾನಿನಲ್ಲಿ ಹಾಕಿ ನಮ್ಮ ಮನೆಗೇ ಕಳಿಸಿದರು. ಅದು ಅಡುಗೆಮನೆಯ ಕಿಟಕಿಯ ಹತ್ತಿರ ಕುಳಿತಿತು. ರಜೆಯ ದಿನಗಳಲ್ಲಿ ನೀಲಾ ಹೊಲಿಯುತ್ತಿದ್ದಳು. ಈ ಹಳೆಯ ಕಾರುಗಳ ಕವರಿನಲ್ಲಿ ಉದ್ದುದ್ದ ಉಬ್ಬು ಪಟ್ಟಿಗಳಿರುತ್ತವೆ. ಚರ್ಮದ ಹಿಂದೆ ಹತ್ತಿ ತುಂಬಿ, ಅದರ ಹಿಂದೆ ಬಟ್ಟೆಯ ಅಸ್ತರಿ ಕೊಟ್ಟು ಹೊಲಿಯಬೇಕು. ಅವಳ ಪಟ್ಟಿಗಳು ಅಳತೆಕೋಲಿಟ್ಟಂತೆ ಇರುತ್ತಿದ್ದವು.

ಇಷ್ಟು ಹೇಳಿದ ಮೇಲೆ ಹಸಿರು ಕಾರಿಗೆ ಬರುತ್ತೇನೆ.

ಡಾಕ್ಟರ್ ನಂಜುಂಡಯ್ಯನವರು ಮೈಸೂರಿನವರು. ಹ್ಯಾರೋದಲ್ಲಿ ಮನೆ. ನೀಲಾ ಇದ್ದ ಆಸ್ಪತ್ರೆಯಲ್ಲೇ ದೊಡ್ಡ ಡಾಕ್ಟರು. ಅರವತ್ತರ ದಶಕದ ಒಂದು ಹಸಿರು ಕಾರನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದರು. ಮಗಳ ಮದುವೆ ಗೊತ್ತಾಗಿತ್ತು. ಮಗಳನ್ನು ಆ ಕಾರಿನಲ್ಲಿ ಕೂರಿಸಿಕೊಂಡು ತಾವೇ ಓಡಿಸಿಕೊಂಡು ಹಾಲ್‌ಗೆ ಹೋಗಬೇಕೆಂದು ಅವರಿಗೆ ಆಸೆ. ಡ್ರೈವರ್ ಸೀಟಿನ ಫೋಮ್ ಪುಡಿಯಾಗಿತ್ತು. ಮೂರು ವಾರ ಸಮಯ ಕೊಟ್ಟರು.

ಅಳತೆಗೆ ಬಂದ ದಿನ ನೀಲಾಳಿಗೆ ರಜೆ. ಮಧ್ಯಾಹ್ನ ನನಗೆ ಬುತ್ತಿ ತಂದಿದ್ದಳು. ಡಾಕ್ಟರು ಚೌಕಟ್ಟಿನ ಮೇಲೆ ಕುಳಿತು, ಇಲ್ಲದ ಸ್ಟಿಯರಿಂಗ್ ಹಿಡಿದುಕೊಂಡು ತಮಾಷೆ ಮಾಡುತ್ತಿದ್ದರು. ನಾನು ಸೀಮೆಸುಣ್ಣ ಹಿಡಿದು ಬಗ್ಗಿದ್ದೆ. ನೀಲಾ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಸರ್, ನಿಮಗ ಎಡಗಡೆ ನೋವೈತೇನ್ರಿ?" ಎಂದಳು.

ಡಾಕ್ಟರು ನಕ್ಕರು. "ಏನಿಲ್ಲಮ್ಮ. ಯಾಕೆ?"

"ಕುಂದ್ರೂವಾಗ ಭಾರಾ ಎಲ್ಲಾ ಬಲಕ್ಕ ಹಾಕಿದ್ರಿ. ಎಡಕ್ಕ ಮುಟ್ಟಿದ್ಹಂಗ ಮಾಡಿ ಬಿಟ್ರಿ. ಅದಕ್ಕ ಕೇಳಿದೆ."

ಅವರು ಅವಳ ಆಸ್ಪತ್ರೆಯ ದೊಡ್ಡ ಡಾಕ್ಟರು, ನಮ್ಮ ಗಿರಾಕಿ ಬೇರೆ. "ನೀಲಾ, ಸುಮ್ನಿರು. ಡಾಕ್ಟರಿಗೇ ರೋಗ ಕೇಳ್ತೀಯೇನು?" ಎಂದೆ. ಡಾಕ್ಟರು ಜೋರಾಗಿ ನಕ್ಕರು. ಭಾಷೆ ಅರ್ಥವಾಗದ ಕೆನ್ ಸಹ ಜೊತೆಗೆ ನಕ್ಕು, ಏನದು ಎಂದು ಕೇಳಿದರು. ಏನಿಲ್ಲ, ಮನೆಯ ಮಾತು ಎಂದೆ. ನೀಲಾ ಬುತ್ತಿಯನ್ನು ಮೇಜಿನ ಮೇಲಿಟ್ಟು ಹೋದಳು. ಸಂಜೆ ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆ ವಾರವೇ ನನ್ನ ಕೈಯಿಂದ ಇನ್ನೊಂದು ತಪ್ಪಾಯಿತು. ಫೋಮ್ ಕತ್ತರಿಸಲು ನಾವು ಮಾಂಸ ಹೆಚ್ಚುವ ಕರೆಂಟಿನ ಚಾಕು ಬಳಸುತ್ತಿದ್ದೆವು. ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ, ಯೋಚಿಸಲು ಬಿಡುವು ಕೊಡುವುದಿಲ್ಲ. ಅರ್ಧ ಸುತ್ತು ಬಂದ ಮೇಲೆ ನೋಡಿದರೆ ನಾನು ಒಳಗಿನ ಗೆರೆಯಲ್ಲಿ ಕತ್ತರಿಸುತ್ತಿದ್ದೆ. ಅದೇ ಗಡಸಿನ ಫೋಮ್ ಮತ್ತೆ ತರಿಸಲು ತಿಂಗಳಾಗುತ್ತಿತ್ತು, ಮದುವೆ ಅದಕ್ಕೂ ಮೊದಲೇ ಇತ್ತು. ಕೆನ್‌ಗೆ ಹೇಳಲಿಲ್ಲ. ಊಟಕ್ಕೆ ಕುಳಿತಾಗ ನೀಲಾಳಿಗೆ ಹೇಳಿದೆ.

"ಎಷ್ಟ ಕಮ್ಮಿ ಆಗೈತಿ?" ಎಂದಳು.

"ಸುತ್ತಲೂ ಅರ್ಧ ಬೆರಳು. ಕವರ್ ಜೋತು ಬೀಳ್ತದ."

"ಕವರ್ ಇನ್ನಾ ನನ್ನ ಹಂತ್ಯಾಕ ಐತಲ್ಲ. ನೋಡೂಣು ಬಿಡ್ರಿ. ನೀವು ಊಟಾ ಮಾಡ್ರಿ, ಸಾರು ಆರಾಕತ್ತೈತಿ."

ನಾಲ್ಕನೆಯ ದಿನ ಕವರ್ ಕೊಟ್ಟಳು. ಹಿಂದೆ ಅಸ್ತರಿ ನಾಲ್ಕೂ ಕಡೆ ಮುಚ್ಚಿ ಹೊಲಿದಿತ್ತು. ಕೈಗೆ ತೆಗೆದುಕೊಂಡಾಗ ಯಾವಾಗಿನದಕ್ಕಿಂತ ಭಾರ ಅನ್ನಿಸಿತು. ನಾನು ಕೇಳಲಿಲ್ಲ. ಎಳೆದು ಕೂರಿಸಿದರೆ ಚರ್ಮ ತಮಟೆಯಂತೆ ಬಿಗಿಯಾಗಿ ನಿಂತಿತು. ಕೆನ್ ಚಹಾ ಕುಡಿದು ಮುಗಿಸಿದರು. ಎದ್ದೇಳಲಿಲ್ಲ. ಖಾಲಿ ಮಗ್ ಮುಂದೆ ಚಾಚಿ, "ಇನ್ನೊಂದು ಕೊಡು" ಎಂದರು. ಹದಿನಾರು ವರ್ಷದಲ್ಲಿ ಅವರು ಎರಡನೆಯ ಮಗ್ ಕೇಳಿದ್ದು ಅದೊಂದೇ ಸೀಟಿನ ಮೇಲೆ.

ಡಾಕ್ಟರು ಕಾರು ಒಯ್ಯಲು ಬಂದಾಗ ಐದು ನಿಮಿಷ ಸುಮ್ಮನೆ ಕುಳಿತರು. "ಏನ್ರೀ ಮಾಡಿದ್ರಿ ಇದಕ್ಕೆ ಬಸವರಾಜು? ಎದ್ದೇಳೋಕೇ ಮನಸ್ಸು ಬರ್ತಾ ಇಲ್ಲ. ಇದು ಸೀಟಲ್ಲ ಕಣ್ರೀ, ನಮ್ಮಜ್ಜಿ ತೊಡೆ" ಎಂದರು. ಮದುವೆ ಮುಗಿಯಿತು. ಡಾಕ್ಟರು ಆ ಸೀಟಿನ ಬಗ್ಗೆ ಸಿಕ್ಕವರಿಗೆಲ್ಲ ಹೇಳಿದರು. ಹಳೆಯ ಕಾರು ಇಟ್ಟುಕೊಂಡವರು ನನ್ನ ಹೆಸರು ಹಿಡಿದು ಹುಡುಕಿಕೊಂಡು ಬರಲು ಶುರುಮಾಡಿದರು.

ಬಂದವರು ಗುಟ್ಟೇನು ಎಂದು ಕೇಳುತ್ತಿದ್ದರು. ಮೊದಮೊದಲು ನಗುತ್ತಿದ್ದೆ. ಆಮೇಲೆ, ಯಾವಾಗ ಎಂದು ನೆನಪಿಲ್ಲ, ಉತ್ತರ ಕೊಡತೊಡಗಿದೆ. ನಾನು ಬೇಕೆಂದೇ ಒಳಗಿನ ಗೆರೆಯಲ್ಲಿ ಕತ್ತರಿಸಿದೆ, ಹಾಗೆ ಮಾಡಿದರೆ ಸೀಟು ಮೆತ್ತಗಾಗುತ್ತದೆ, ಇಲ್ಲಿಯವರಿಗೆ ಇದು ಗೊತ್ತಿಲ್ಲ ಎಂದೆ. ಹೊಸದಾಗಿ ಶೆಡ್ಡಿಗೆ ಬಂದ ಮೂವರಿಗೆ ಹಾಗೆಯೇ ಕಲಿಸಿದೆ. ಮುಂದೆ ಮಾಡಿದ ಸೀಟುಗಳು ಒಂದು ವರ್ಷಕ್ಕೇ ಸುಕ್ಕು ಬಿದ್ದವು. ಚರ್ಮ ಸರಿಯಿಲ್ಲ ಎಂದೆ. ಕೆನ್ ನನ್ನ ಮುಖ ನೋಡಿ, ಸೀಮೆಸುಣ್ಣ ತೆಗೆದುಕೊಂಡು, ವಾಪಸು ಬಂದ ಸೀಟುಗಳ ಹೊಸ ಫೋಮ್‌ಗೆ ತಾವೇ ಹೊರಗಿನ ಗೆರೆ ಎಳೆದರು.

ಒಂದು ಯುಗಾದಿಯ ದಿನ ನಮ್ಮವರೆಲ್ಲ ಹ್ಯಾರೋದಲ್ಲಿ ಸೇರಿದ್ದಾಗ ಯಾರೋ ಮತ್ತೆ ಕೇಳಿದರು. ನಾನು ತಟ್ಟೆ ಹಿಡಿದುಕೊಂಡೇ ಒಳಗಿನ ಗೆರೆಯ ಕಥೆ ಹೇಳಿದೆ. ನೀಲಾ ಎದುರಿಗೇ ನಿಂತು ಚಿತ್ರಾನ್ನ ಬಡಿಸುತ್ತಿದ್ದಳು. ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಮುಂದಿನವರ ತಟ್ಟೆಗೆ ಬಡಿಸಿದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕೆಲಸ ಬದಲಾಯಿತು. ಅಚ್ಚಿನಲ್ಲಿ ಎರಕ ಹೊಯ್ದ ಫೋಮ್ ಡಬ್ಬಿಯಲ್ಲಿ ಬರತೊಡಗಿತು. ಆ ಕಾರಿಗೆ ಈ ಸಂಖ್ಯೆ ಎಂದು ಕಂಪ್ಯೂಟರಿನಲ್ಲಿ ನೋಡಿ ತರಿಸಿಕೊಂಡು ಮಾಲೀಕರೇ ಹಾಕಿಕೊಳ್ಳುತ್ತಾರೆ. ನಾನು ಅದನ್ನು ಹೀಗಳೆಯುವುದಿಲ್ಲ. ಒಂದು ಒಳ್ಳೆಯ ಉಪಾಯವನ್ನೂ ಅವರಿಂದಲೇ ಕಲಿತೆ: ಹೊಸ ಫೋಮನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿ ಎಳೆದರೆ ಅದು ಹಪ್ಪಳದಷ್ಟು ತೆಳ್ಳಗಾಗುತ್ತದೆ. ಕವರಿನೊಳಗೆ ಜಾರಿಸಿ ಚೀಲ ಹರಿದರೆ ತಾನಾಗಿ ಉಬ್ಬಿ ಕೂರುತ್ತದೆ. ಮೊದಲು ಇದೇ ಕೆಲಸಕ್ಕೆ ಇಬ್ಬರು ಮೊಣಕಾಲು ಊರಿ ಒದ್ದಾಡುತ್ತಿದ್ದೆವು.

ಕೊಲಿಂಡೇಲ್‌ನಲ್ಲಿ ಹೊಸ ಫ್ಲಾಟುಗಳು ಏಳತೊಡಗಿದಾಗ ಶೆಡ್ಡಿನ ಜಾಗ ಹೋಯಿತು. ಕೆನ್ ಸಮುದ್ರದ ಕಡೆಯ ತಮ್ಮ ತಂಗಿಯ ಊರಿಗೆ ಹೋದರು. ನಾನು ನಿವೃತ್ತನಾದೆ. ಅಷ್ಟರಲ್ಲಿ ಕೆಂಟನ್ನಿನಲ್ಲೇ ಸ್ವಂತ ಮನೆ ಮಾಡಿದ್ದೆವು. ಉಪಕರಣಗಳು ಅದರ ಗ್ಯಾರೇಜಿನಲ್ಲಿ ಉಳಿದವು, ಮೆಷಿನ್ನು ಅಡುಗೆಮನೆಯಲ್ಲಿ. ಎರಡು ವರ್ಷ ನಾವಿಬ್ಬರೂ ಮನೆಯಲ್ಲಿದ್ದೆವು. ಆಮೇಲೆ ನೀಲಾ ಹೋದಳು. ಕಾಯಿಲೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್‌ನಲ್ಲಿ ಡಾಕ್ಟರು ಬಂದರು. ಅವರೂ ನಿವೃತ್ತರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ನೀಲಾಳ ಬಗ್ಗೆ ಒಂದೆರಡು ಮಾತಾಡಿದರು. ಹೊರಡುವಾಗ, "ಈಗ ಕೇಳಬಾರದು. ಆದರೆ ಆ ಸೀಟು ಕೂತುಹೋಗಿದೆ ಬಸವರಾಜು. ಬೇರೆಯವರ ಕೈಗೆ ಕೊಡೋಕೆ ಮನಸ್ಸಿಲ್ಲ. ನಿಧಾನವಾಗಿ ಮಾಡಿ. ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ, ಅಷ್ಟೇ" ಎಂದರು.

ಕಾರನ್ನು ನಮ್ಮ ಮನೆಯ ಮುಂದೆಯೇ ಬಿಟ್ಟುಹೋದರು. ಮರುದಿನ ಬೆಳಿಗ್ಗೆ ಸೀಟನ್ನು ಗ್ಯಾರೇಜಿಗೆ ತಂದು ಕವರ್ ಬಿಚ್ಚಿದೆ. ಫೋಮ್ ಪುಡಿಯಾಗಿ ಸುರಿಯಿತು. ಕವರನ್ನು ಕೊಡವಲು ತಿರುಗಿಸಿದಾಗ ಅಸ್ತರಿಯ ಒಂದು ಮೂಲೆ ಬಿಟ್ಟುಕೊಂಡಿತ್ತು. ಅದರೊಳಗೆ ಕೆಂಪು ಬಣ್ಣ ಕಂಡಿತು. ಬ್ಲೇಡಿನಿಂದ ಹೊಲಿಗೆ ಬಿಡಿಸಿದೆ.

ಒಳಗಿದ್ದದ್ದು ಕೌದಿ. ನಮ್ಮ ಕಡೆ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಕಿ, ಕೈಯಿಂದ ಸಾಲು ಹೊಲಿಗೆ ಹಾಕಿ ಹೊದೆಯಲು ಮಾಡುತ್ತಾರಲ್ಲ, ಅದು. ಸೀಟಿನ ಅಳತೆಯ ಒಂದು ಕೌದಿ. ಇಳಕಲ್ ಸೀರೆಯ ಸೆರಗು, ನನ್ನ ಹಳೆಯ ಚೌಕಳಿ ಅಂಗಿ, ಅವಳ ಆಸ್ಪತ್ರೆಯ ತಿಳಿನೀಲಿ ಸಮವಸ್ತ್ರದ ತುಂಡು. ಪದರ ಎಣಿಸಿದೆ. ಬಲಗಡೆ ಮೂರು. ಎಡಗಡೆ ಐದು. ಎಡಗಡೆಯಲ್ಲೂ ಎಲ್ಲ ಕಡೆ ಅಲ್ಲ. ಕುಳಿತಾಗ ಎಲುಬು ಊರುವ ಜಾಗಕ್ಕೆ ಅಂಗೈಯಷ್ಟು ತಗ್ಗು ಬಿಟ್ಟು, ಅದರ ಸುತ್ತ ಐದು. ಮಲಗಿದಲ್ಲೇ ಇರುವ ರೋಗಿಗಳಿಗೆ ಹುಣ್ಣಾಗದಂತೆ ಅವಳು ವಾರ್ಡಿನಲ್ಲಿ ದಿಂಬು ಇಡುತ್ತಿದ್ದ ರೀತಿ ಅದೇ. ನನಗೆ ಎಷ್ಟೋ ಸಲ ವಿವರಿಸಿದ್ದಳು.

ನಾನು ಗ್ಯಾರೇಜಿನ ನೆಲದ ಮೇಲೆ, ಆ ಹಳದಿ ಪುಡಿಯಲ್ಲೇ ಕುಳಿತೆ.

ಗೊತ್ತಿರಲಿಲ್ಲ ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ಅವತ್ತಿಗಾಗಲೇ ಮೂವತ್ತು ವರ್ಷ ಬಟ್ಟೆ ಚರ್ಮ ಮುಟ್ಟಿದ್ದ ಕೈಗೆ ಅಷ್ಟು ಭಾರ ತಿಳಿಯದೆ ಇರುವುದಿಲ್ಲ. ಅವತ್ತು ಕೇಳಿದ್ದರೆ ಅವಳು ಹೇಳುತ್ತಿದ್ದಳು. ಹೇಳಿದ್ದರೆ ಕೆನ್ ಕೇಳಿದ ಎರಡನೆಯ ಮಗ್ ನನ್ನದಾಗುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ.

ಡಾಕ್ಟರು ಕೇಳಿದ್ದು ಮೊದಲಿನ ಹಾಗೇ ಇರಬೇಕೆಂದು. ಹಳೆಯ ಕೌದಿಯ ಬಟ್ಟೆ ಅಲ್ಲಲ್ಲಿ ಸವೆದು, ಅದಕ್ಕೆ ಫೋಮಿನ ಪುಡಿ ಅಂಟಿ ಗಟ್ಟಿಯಾಗಿತ್ತು, ಮತ್ತೆ ಹಾಕುವಂತಿರಲಿಲ್ಲ. ಬರಿಯ ಹೊಸ ಫೋಮ್ ಹಾಕಿ, ಈಗಿನ ಫೋಮೇ ಇಷ್ಟು ಎಂದುಬಿಡಬಹುದಿತ್ತು. ಎರಡು ದಿನ ಆ ಯೋಚನೆಯೂ ಇತ್ತು, ಸುಳ್ಳೇಕೆ ಹೇಳಲಿ.

ಶನಿವಾರ ಮಗಳು ವೀಣಾ ಬಂದಳು. ಅಮ್ಮನ ಬೀರು ತೆಗೆದು ಸೀರೆಗಳನ್ನು ಮಂಚದ ಮೇಲೆ ಎರಡು ರಾಶಿ ಮಾಡುತ್ತಿದ್ದಳು. "ಅಪ್ಪಾ, ದಿಸ್ ಒನ್? ಚಾರಿಟಿ ಶಾಪ್‌ಗಾ, ಕೀಪ್ ಮಾಡೋದಾ?" ಎಂದು ಒಂದು ಹಳೆಯ ನೂಲಿನ ಸೀರೆ ಎತ್ತಿ ತೋರಿಸಿದಳು. ಕೊಡು ಎಂದು ಕೈ ಚಾಚಿದೆ. "ಫಾರ್ ವಾಟ್?" ಎಂದಳು. ಹೇಳಿದೆ. ಒಳಗಿನ ಗೆರೆಯ ಕಥೆ ಅವಳಿಗೂ ಬಾಯಿಪಾಠವಾಗಿತ್ತು. ಅವಳು ಸೀರೆಯನ್ನು ನನ್ನ ಕೈಗಿಟ್ಟು, ಅಮ್ಮನ ಸೂಜಿ ಡಬ್ಬಿ ಹುಡುಕಿ ತಂದಳು. "ಯೂ ಕಾಂಟ್ ಈವನ್ ಥ್ರೆಡ್ ಅ ನೀಡಲ್, ಅಪ್ಪಾ" ಎಂದು ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಸೀಟಿಗೆ ದಬ್ಬಣ ಹಿಡಿದ ಕೈಗೆ ಕೌದಿಯ ಸೂಜಿ ಒಗ್ಗಲಿಲ್ಲ. ನೀಲಾಳ ಕೌದಿಯನ್ನು ಒಗೆದು, ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಗಿಸಿ, ಪಕ್ಕದಲ್ಲಿಟ್ಟುಕೊಂಡು ಹೊಲಿದೆ. ಬಲಗಡೆ ಮೂರು, ಎಡಗಡೆ ಐದು, ನಡುವೆ ತಗ್ಗು. ಫೋಮನ್ನು ಅವತ್ತಿನಂತೆಯೇ ಅರ್ಧ ಬೆರಳು ಚಿಕ್ಕದಾಗಿ ಕತ್ತರಿಸಿದೆ, ಈ ಸಲ ತಿಳಿದೇ. ಒಂದು ತಿಂಗಳು ಹಿಡಿಯಿತು.

ಡಾಕ್ಟರು ಬಂದರು. ಮನೆಯ ಮುಂದೆ ಕಾರಿಗೆ ಸೀಟು ಕೂರಿಸಿದ್ದೆ. ಒಳಗೆ ಕುಳಿತರು. ಕೈಗೆ ಒಂದು ಮಗ್ ಚಹಾ ಕೊಟ್ಟು, ಮುಗಿಯುವವರೆಗೆ ಏನೂ ಹೇಳಬೇಡಿ ಎಂದೆ. ನಾನು ಪಕ್ಕದ ಸೀಟಿನಲ್ಲಿ ಕುಳಿತೆ. ಮುಕ್ಕಾಲು ಮಗ್ ಆಗುವಷ್ಟರಲ್ಲಿ ಅವರು ಬಲಕ್ಕೆ ಒಂದಿಷ್ಟು ಸರಿದರು. ಆದರೂ ಪೂರ್ತಿ ಕುಡಿದರು.

"ಚೆನ್ನಾಗಿದೆ ಬಸವರಾಜು" ಎಂದರು. "ತುಂಬಾ ಚೆನ್ನಾಗಿದೆ."

ನನ್ನ ಮನಸ್ಸು ನೋಯಿಸಬಾರದೆಂದು ಹೇಳುತ್ತಿದ್ದಾರೆಂದು ತಿಳಿಯಿತು. ನೀಲಾ ಅವತ್ತು ಕೇಳಿದ್ದನ್ನೇ ನಾನೂ ಕೇಳಿದೆ. "ಸರ್, ನಿಮಗೆ ಎಡಗಡೆ ನೋವಿದೆಯೇನ್ರಿ?"

ಅವರು ಖಾಲಿ ಮಗ್ ನನ್ನ ಕೈಗೆ ಕೊಟ್ಟರು. "ಇದೆ. ಓದೋವಾಗ ಸೈಕಲ್ಲಿಂದ ಬಿದ್ದಿದ್ದೆ. ಅವತ್ತಿನಿಂದ ಇದೆ. ನಿಮ್ಮ ಮನೆಯವರು ಕೇಳಿದಾಗ ಹೇಳಬಹುದಿತ್ತು. ನರ್ಸೊಬ್ಬರು ಕಂಡುಹಿಡಿದುಬಿಟ್ಟರಲ್ಲಾ ಅಂತ ನಕ್ಕುಬಿಟ್ಟೆ." ಸೀಟಿನ ಅಂಚು ಸವರುತ್ತ, "ಆದರೆ ಆ ಸೀಟಲ್ಲಿ ಕೂತಾಗ ಇರ್ತಾ ಇರಲಿಲ್ಲ. ಅದೇ ನಿಮ್ಮ ಕೈಗುಣ" ಎಂದರು.

"ನನ್ನ ಕೈಗುಣ ಅಲ್ಲ ಸರ್" ಎಂದು ಒಳಗೆ ಹೋಗಿ ನೀಲಾಳ ಕೌದಿ ತಂದು ಅವರ ಮಡಿಲಿಗಿಟ್ಟೆ. ಗೆರೆ, ಕವರು, ಚಿತ್ರಾನ್ನ ಎಲ್ಲವನ್ನೂ ಹೇಳಿದೆ. ಅವರು ಐದು ಪದರದ ಜಾಗದ ಮೇಲೆ ಅಂಗೈ ಇಟ್ಟು, ಆ ತಗ್ಗನ್ನು ಬೆರಳಿನಿಂದ ಸುತ್ತಿ ನೋಡಿದರು. ಆಮೇಲೆ ಹೊಲಿಗೆಯನ್ನು ಮೃದುವಾಗಿ ಎಳೆದು, "ಇವರದ್ದು ಸಡಿಲ ಇದೆ ನೋಡ್ರಿ. ನೀವು ಬಿಗಿದುಬಿಟ್ಟಿದೀರಿ ಅನ್ಸುತ್ತೆ" ಎಂದರು.

ನಿಜ. ನಲವತ್ತು ವರ್ಷದ ಅಭ್ಯಾಸ, ನಾನು ಎಲ್ಲವನ್ನೂ ಬಿಗಿಯುತ್ತೇನೆ. ಐದು ಪದರ ಒತ್ತಿಕೊಂಡು ಮೂರರಂತಾಗಿದ್ದವು.

ಹೊಸಬರಿಗೆ ಬರೆಯಬೇಕಾದದ್ದು ಇಷ್ಟೇ. ಕತ್ತರಿಸುವುದು ಹೊರಗಿನ ಗೆರೆಯಲ್ಲಿ. ಒಳಗಿನ ಗೆರೆ ಎಂದು ನನ್ನಿಂದ ಕಲಿತವರು ಇದನ್ನು ಓದಿದರೆ ಅದನ್ನು ಬಿಟ್ಟುಬಿಡಿ, ತಪ್ಪು ನನ್ನದು. ಅಳತೆಗೆ ಮೊದಲು ಎಲ್ಲಿ ನೋವಿದೆ ಎಂದು ಕೇಳಿ. ಪಕ್ಕದಲ್ಲಿ ನಿಂತವರು ಯಾರಾದರೂ ಕೇಳಿದರೆ ಅವರ ಬಾಯಿ ಮುಚ್ಚಿಸಬೇಡಿ.

ಅವತ್ತು ಡಾಕ್ಟರಿಗೆ, "ಇಳಿಯಿರಿ ಸರ್" ಎಂದೆ. ಸ್ಪ್ಯಾನರ್ ತಂದು ಸೀಟು ಹೊರತೆಗೆದೆ. ಡಾಕ್ಟರು ಕೋಟು ಕಳಚಿ ಇನ್ನೊಂದು ತುದಿ ಹಿಡಿದರು. ಗ್ಯಾರೇಜಿನಲ್ಲಿ ಕವರ್ ಬಿಚ್ಚಿ, ಅಸ್ತರಿ ಬಿಡಿಸಿ, ಎಡಗಡೆಯ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಅವರು ಬೆಳಕಿಗೆ ಹಿಡಿದು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಈ ಸಲ ದಾರವನ್ನು ಎಳೆಯದೆ, ಬಟ್ಟೆಯ ಮೇಲೆ ಸುಮ್ಮನೆ ಮಲಗಿಸುತ್ತ ಹೋದೆ. ಮುಗಿಸಿ, ಕೂರಿಸಿ, ಮತ್ತೆ ಚಹಾಕ್ಕೆ ನೀರಿಟ್ಟೆ.